ಕಿವಿ ಮುಚ್ಚಿದರೂ ಕೇಳುವ ಟಿಕ್ ಟಿಕ್

ರಾಡಾರ್ ಕೇಂದ್ರದ ಮಾನ್ಯ ಸುರಕ್ಷತಾಧಿಕಾರಿಗಳೇ,

ಇಪ್ಪತ್ತೆರಡು ವರ್ಷ ನಿಮ್ಮ ಆಂಟೆನಾಗಳನ್ನು ದುರಸ್ತಿ ಮಾಡಿದ ನನ್ನ ಅಣ್ಣನ ಸೇವಾಪುಸ್ತಕದಲ್ಲಿ ತಾವು ಒಂದು ಸಾಲು ಬರೆಸಿದ್ದೀರಿ: ‘ಇಲ್ಲದ ಸದ್ದು ಕೇಳಿಸಿಕೊಳ್ಳುತ್ತಾರೆ, ತಾಂತ್ರಿಕ ಕೆಲಸಕ್ಕೆ ಯೋಗ್ಯರಲ್ಲ.’ ಅಂದಿನಿಂದ ಅವನು ಟಪಾಲು ವಿಭಾಗದಲ್ಲಿ ಲಕೋಟೆಗಳಿಗೆ ಮೊಹರು ಒತ್ತುತ್ತಿದ್ದಾನೆ. ಆ ಸಾಲು ಸುಳ್ಳು ಎಂದು ತಮಗೆ ಮೂರು ಸಲ ಬರೆದೆ. ಮೂರಕ್ಕೂ ಅಣ್ಣನೇ ಮೊಹರು ಒತ್ತಿ ತಮ್ಮ ಮೇಜಿಗೆ ಕಳಿಸಿದ್ದಾನೆ. ಉತ್ತರವಿಲ್ಲದ್ದರಿಂದ ಈಗ ಎಲ್ಲರ ಎದುರು ಬರೆಯುತ್ತಿದ್ದೇನೆ.

ಆಂಟೆನಾದ ಎದುರಿನ ಕಬ್ಬಿಣದ ಅಟ್ಟಣೆಯ ಮೇಲೆ ನಿಂತು ದೀಪ ಬದಲಿಸುವಾಗ ಅವನಿಗೆ ಸದ್ದು ಕೇಳಿಸಿತು. ಐದು ನಿಮಿಷದ ಕೆಲಸಕ್ಕೆ ಯಂತ್ರ ಬಂದ್ ಮಾಡುವ ರೂಢಿ ನಿಮ್ಮಲ್ಲಿಲ್ಲವಲ್ಲ. ಸಂಜೆ ನನ್ನ ಹತ್ತಿರ ಬಂದು ಹೇಳಿದ, “ಸದ್ದು ಕಿವಿಯಿಂದ ಬರಲ್ಲ ಕಣೇ, ತಲೆ ಹಿಂದೆ ಯಾರೋ ಉಗುರಲ್ಲಿ ಟಿಕ್ ಟಿಕ್ ಅಂತ ತಟ್ಟಿದ ಹಾಗಿರುತ್ತೆ. ಎರಡು ಮೆಟ್ಟಿಲು ಇಳಿದರೆ ನಿಂತುಹೋಗುತ್ತೆ.”

ನಾನು ಆಸ್ಪತ್ರೆಯೊಂದರಲ್ಲಿ ಕಿವಿ ಪರೀಕ್ಷಿಸುವವಳು. ನನಗಾದರೂ ಗೊತ್ತಿರಬೇಕಿತ್ತು. “ಸರಿಯಾಗಿ ನಿದ್ದೆ ಮಾಡಣ್ಣ” ಎಂದು ನಕ್ಕೆ.

ನಿಮ್ಮವರು ನಗಲಿಲ್ಲ, ಬಹಳ ಗಂಭೀರವಾಗಿ ತನಿಖೆ ನಡೆಸಿದರು. ಮೊದಲು ಶಬ್ದಮಾಪಕ ತಂದು ಅಟ್ಟಣೆಯ ಮೇಲಿಟ್ಟರು. ಅದಕ್ಕೆ ಗಾಳಿ, ಯಂತ್ರದ ಫ್ಯಾನಿನ ಸದ್ದಿನ ಹೊರತು ಏನೂ ಕೇಳಿಸಲಿಲ್ಲ. ಹೇಗೆ ಕೇಳಿಸೀತು? ರಾಡಾರಿನ ಅಲೆಗಳು ಬಿಟ್ಟು ಬಿಟ್ಟು ಹೊಮ್ಮುತ್ತವೆ. ಅಂಥ ಬಲವಾದ ಮಿಡಿತ ತಲೆಗೆ ತಾಗಿದಾಗ ಒಳಗಿನ ಅಂಗಾಂಶ ಎಣಿಕೆಗೂ ಸಿಗದಷ್ಟು ಕೊಂಚವೇ ಬಿಸಿಯಾಗಿ, ಥಟ್ಟನೆ ಹಿಗ್ಗುತ್ತದೆ. ಆ ಹಿಗ್ಗುವಿಕೆ ಒತ್ತಡದ ಪುಟ್ಟ ಅಲೆಯಾಗಿ ಒಳಗಿವಿಗೆ ಮುಟ್ಟುತ್ತದೆ. ಸದ್ದು ಹುಟ್ಟುವುದೇ ತಲೆಯೊಳಗೆ. ನಿಮ್ಮ ಮಾಪಕಕ್ಕೆ ತಲೆಯಿಲ್ಲ. ಅದನ್ನು ಕಳಿಸಿದವರ ವಿಷಯ ನಾನು ಹೇಳುವುದಿಲ್ಲ. ಇದು ನನ್ನ ಸಂಶೋಧನೆಯೂ ಅಲ್ಲ, ದಶಕಗಳಿಂದ ಪುಸ್ತಕಗಳಲ್ಲಿದೆ. ತಮ್ಮ ಕಚೇರಿಯ ಗಾಜಿನ ಕಪಾಟಿನಲ್ಲೂ ಇದ್ದೀತು, ಬೀಗ ತೆಗೆಸಿದರೆ.

ಆಮೇಲೆ ದಯಮಾಡಿ ಅವನಿಗೆ ಕಿವಿಗೆ ತುರುಕಿಕೊಳ್ಳುವ ಬಿರಡೆ ಕೊಟ್ಟಿರಿ. ಹೊರಗಿನ ಗಾಳಿ, ಫ್ಯಾನಿನ ಗದ್ದಲವೆಲ್ಲ ಅಡಗಿ ಟಿಕ್ ಟಿಕ್ ಇನ್ನೂ ಸ್ಪಷ್ಟವಾಯಿತು. ಬೇರೆಯವನಾಗಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದ. ನಮ್ಮಣ್ಣ ನಿಮ್ಮ ತನಿಖಾ ಸಮಿತಿಯ ಮುಂದೆ ಹೋಗಿ, “ಈಗ ಇನ್ನೂ ಚೆನ್ನಾಗಿ ಕೇಳಿಸುತ್ತೆ ಸಾರ್” ಎಂದ. ಸಮಿತಿಗೆ ಅಷ್ಟೇ ಸಾಕಾಯಿತು. ಕಿವಿ ಮುಚ್ಚಿದರೂ ಕೇಳಿಸುತ್ತದೆ ಎಂದರೆ ಕೆಟ್ಟಿರುವುದು ಮನಸ್ಸೇ ಎಂದು ಷರಾ ಬರೆದರು. ಯಾವುದು ಅವನ ಮಾತಿಗೆ ಸಾಕ್ಷಿಯಾಗಬೇಕಿತ್ತೋ ಅದೇ ಅವನ ಹುಚ್ಚಿಗೆ ಸಾಕ್ಷಿಯಾಯಿತು.

ಇನ್ನೊಂದು ಸಾಕ್ಷಿಯನ್ನು ಒದಗಿಸಿದವಳು ನಾನೇ. ನಿಮ್ಮ ಕೋರಿಕೆಯಂತೆ ಅವನನ್ನು ನಮ್ಮ ನಿಶ್ಶಬ್ದ ಕೋಣೆಯಲ್ಲಿ ಕೂರಿಸಿ ಪರೀಕ್ಷಿಸಿದೆ. ಅಲ್ಲಿ ರಾಡಾರ್ ಇಲ್ಲ, ಸದ್ದೂ ಇರಲಿಲ್ಲ. ‘ಕಿವಿಯಲ್ಲಿ ದೋಷವಿಲ್ಲ’ ಎಂದು ಬರೆದು ಸಹಿ ಹಾಕಿದೆ. ಅವನನ್ನು ಕಾಪಾಡಿದೆನೆಂದು ಹಿಗ್ಗಿದ್ದೆ. ಕಿವಿ ಸರಿಯಿದ್ದರೆ ತಲೆ ಕೆಟ್ಟಿದೆ ಎಂದು ತಾವು ಲೆಕ್ಕ ಮುಗಿಸಿದಿರಿ. ಅದಕ್ಕಾಗಿ ನನಗೆ ಇಂದಿಗೂ ನಾಚಿಕೆಯಿದೆ.

ನಾನು ಪ್ರತಿ ತಲೆನೋವಿಗೂ ಮೊಬೈಲ್ ಗೋಪುರವನ್ನು ಬೈಯುವವಳಲ್ಲ. ಆ ಅಲೆಗಳು ಬೇರೆ, ಅವುಗಳ ಬಲ ಬೇರೆ. ಅಣ್ಣನಿಗೆ ಕಾಯಿಲೆ ಬಂದಿದೆ ಎಂದೂ ನಾನು ಹೇಳುತ್ತಿಲ್ಲ. ಚಾಲೂ ಇರುವ ಆಂಟೆನಾದ ಎದುರು ಮನುಷ್ಯನನ್ನು ನಿಲ್ಲಿಸಿದ್ದು ಯಾರು ಎಂದಷ್ಟೇ ಕೇಳುತ್ತಿದ್ದೇನೆ. ಅವನ ತಲೆ ಕೆಟ್ಟಿದ್ದರೆ ಈ ಪ್ರಶ್ನೆಗೆ ತಾವು ಉತ್ತರಿಸಬೇಕಿಲ್ಲ, ಅಲ್ಲವೇ?

ಈಗ ಅವನ ಜಾಗದಲ್ಲಿ ಹೊಸಬನೊಬ್ಬ ಅಟ್ಟಣೆ ಹತ್ತುತ್ತಿದ್ದಾನೆ. ಅವನಿಗೂ ಕೇಳಿಸುತ್ತದಂತೆ. ಅಣ್ಣನ ಗತಿ ಕಂಡವನು, ಅಣ್ಣನಿಗೆ ಬಿಟ್ಟು ಬೇರೆ ಯಾರಿಗೂ ಹೇಳಿಲ್ಲ.

ಯಂತ್ರ ಬಂದ್ ಮಾಡದೆ ಯಾರನ್ನೂ ಆ ಅಟ್ಟಣೆ ಹತ್ತಿಸಬೇಡಿ. ಅಲೆಯ ಬಲವನ್ನು ಅದಕ್ಕೆಂದೇ ಇರುವ ಉಪಕರಣದಿಂದ ಅಳೆಸಿ. ಅಣ್ಣನ ಪುಸ್ತಕದ ಆ ಸಾಲನ್ನು ಹೊಡೆದುಹಾಕಿ ತಮ್ಮ ಸಹಿ ಹಾಕಿ. ಬೇಗ ಮಾಡಿ. ನಿನ್ನೆ ಮಧ್ಯಾಹ್ನ ಅವನ ಮನೆಯ ಕರೆಗಂಟೆ ಒತ್ತಿ ಹೊರಗೆ ನಿಂತಿದ್ದೆ. ಅಣ್ಣ ಬಾಗಿಲ ಪಕ್ಕದ ಕುರ್ಚಿಯಲ್ಲೇ ಕೂತಿದ್ದು ತೆರೆದ ಕಿಟಕಿಯಿಂದ ಕಾಣುತ್ತಿತ್ತು, ಆದರೆ ಏಳಲಿಲ್ಲ. ಅಡುಗೆಮನೆಯ ಕಡೆ ತಿರುಗಿ ಅತ್ತಿಗೆಯನ್ನು ಮೆಲ್ಲಗೆ ಕೇಳಿದ, “ಬೆಲ್ ಆಯ್ತಾ? ನಿನಗೂ ಕೇಳಿಸ್ತಾ?”

ಇಂತಿ,
ಊರಿನವರ ಕಿವಿಯನ್ನೆಲ್ಲ ಪರೀಕ್ಷಿಸಿ, ಅಣ್ಣನ ಮಾತಿಗೆ ಕಿವಿಗೊಡದ ತಂಗಿ