ಮುನಿಸಿನ ಮರುದಿನ

ಜಾಕ್ಮೆಲ್, ಆಗಸ್ಟ್ ೯, ೨೦೧೧

ಮುದ್ದು ಮಗ ವಿಲ್ನೆರ್‌ಗೆ,

ಹೇಗಿದ್ದೀಯಪ್ಪಾ? ಕಬ್ಬು ಕಡಿಯುವಾಗ ಆದ ಕೈಗಾಯ ಮಾಗಿತೇ? ಬರೀ ಬ್ರೆಡ್ಡು ತಿಂದು ಮಲಗಬೇಡ. ನನ್ನ ಮಂಡಿನೋವು ಇದ್ದದ್ದೇ.

ಮಗು ಹೋದ ಸುದ್ದಿಯನ್ನು ನಿನ್ನ ಭಾವ ಫೋನಿನಲ್ಲಿ ಹೇಳಿದ್ದಾನೆ. ಹೇಗಾಯಿತೆಂಬುದನ್ನು ನಾನೇ ಬರೆಯಬೇಕು. ಏಳನೇ ತಿಂಗಳಲ್ಲಿ ನಿನ್ನ ರೋಜ್‌ಲೆನ್‌ಳ ಮುಖ, ಕಾಲು ಊದಿಕೊಂಡವು. ಆಸ್ಪತ್ರೆಯಲ್ಲಿ ರಕ್ತದೊತ್ತಡ ಮಿತಿಮೀರಿದೆ ಎಂದು ಸೇರಿಸಿಕೊಂಡರು. ಕಿಟಕಿ ಮುಚ್ಚಿದ ಮಬ್ಬು ಕೋಣೆ. ಸದ್ದಾಗಕೂಡದು, ಫಿಟ್ಸ್ ಬಂದೀತು ಎಂದರು. ನರ್ಸ್ ಮಿಸ್ ಎರ್ಮಿಲ್ ಸೂಜಿ ಚುಚ್ಚಿ, ಮದ್ದು ಹೆಚ್ಚಾಗಿಲ್ಲವಷ್ಟೇ ಎಂದು ಆಗಾಗ ಬಂದು ಮೊಣಕಾಲಿಗೆ ಪುಟ್ಟ ಸುತ್ತಿಗೆಯಿಂದ ತಟ್ಟಿ ನೋಡುತ್ತಿದ್ದಳು. "ನಿಮ್ಮ ಸೊಸೆ ತಲೆನೋವು ಅಂದ್ರೆ, ಕಣ್ಣು ಮಂಜಾಯ್ತು ಅಂದ್ರೆ, ತಕ್ಷಣ ನನ್ನ ಕೂಗಿ ಅಮ್ಮಾ. ವಾರ್ಡ್ ತುಂಬ ಬಸುರೀರು, ನಾನೊಬ್ಳೇ" ಎಂದಿದ್ದಳು. ನಮ್ಮಲ್ಲಿ ಉಣಿಸುವುದು, ಒರೆಸುವುದು, ಪಕ್ಕದಲ್ಲಿ ಕೂತು ಕಾಯುವುದು ಎಲ್ಲ ಮನೆಯವರದೇ ತಾನೆ.

ನಿನ್ನ ಅಮ್ಮ ಸುಮ್ಮನಿರುವವಳೇ? ಪ್ರಾರ್ಥನೆಯ ಗುಂಪಿನ ಹೆಂಗಸರನ್ನೆಲ್ಲ ಕರೆತಂದೆ. ಚಪ್ಪಾಳೆ ತಟ್ಟಿ ಎರಡು ಸಾಲು ಹಾಡಿರಲಿಲ್ಲ, ಮಿಸ್ ಎರ್ಮಿಲ್ ಓಡಿಬಂದಳು. "ಮೆಲ್ಲಗೆ ಬೇಡ್ಕೊಂಡ್ರೆ ದೇವರಿಗೆ ಕೇಳ್ಸಲ್ವಾ? ಅವನೇನು ಕಿವುಡನಾ?" ಎಂದು ಎಲ್ಲರನ್ನೂ ಹೊರಗಟ್ಟಿದಳು. ಅದೂ ನನ್ನ ಗುಂಪಿನೆದುರು! ಮೈಯೆಲ್ಲ ಉರಿಯಿತು. "ಅಷ್ಟು ಗೊತ್ತಿದ್ರೆ ನೀನೇ ನೋಡ್ಕೋ ಹೋಗು" ಎಂದು ಮನೆಗೆ ಬಂದುಬಿಟ್ಟೆ. "ಅತ್ತೆ, ಹೋಗ್ಬೇಡಿ" ಎಂದು ರೋಜ್‌ಲೆನ್ ಕರೆದದ್ದು ಕೇಳಿಸಿತ್ತು. ಮರುದಿನವೂ ಮುಖ ಊದಿಸಿಕೊಂಡು ಮನೆಯಲ್ಲೇ ಕುಳಿತೆ. ಮಿಸ್ ಎರ್ಮಿಲ್ ಬಂದು ಕರೆಯಲಿ ಎಂದು ಕಾಯುತ್ತಿದ್ದೆ ಕಣೋ.

ಆ ದಿನವೇ ರೋಜ್‌ಲೆನ್‌ಳಿಗೆ ತಲೆ ಸಿಡಿದುಹೋಗುವಷ್ಟು ನೋವಾಗಿದೆ. ನರ್ಸನ್ನು ಕೂಗಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಫಿಟ್ಸ್ ಬಂತು. ಮಿಸ್ ಎರ್ಮಿಲ್ ಅವಳನ್ನು ಹೇಗೋ ಉಳಿಸಿಕೊಂಡಳು. ಮಗು ಹೊಟ್ಟೆಯಲ್ಲೇ ಹೋಗಿತ್ತು. ನಾನಿದ್ದರೂ ಉಳಿಯುತ್ತಿರಲಿಲ್ಲವೇನೋ ಎಂದು ಡಾಕ್ಟರು ಹೇಳಿದರು. ಆ "ಏನೋ" ನನ್ನನ್ನು ಮಲಗಗೊಡುವುದಿಲ್ಲ, ಮಗನೇ. ರೋಜ್‌ಲೆನ್ ನನಗೊಂದು ಬೈಗುಳ ಬೈದಿದ್ದರೂ ಆಗುತ್ತಿತ್ತು.

ದೇವರು ನಿನ್ನ ಬೆನ್ನಿಗಿರಲಿ. ಜೊತೆಗಾರರಿಗೆಲ್ಲ ನಾನು ಕೇಳಿದೆನೆಂದು ಹೇಳು.

ನಿನ್ನ ಅಮ್ಮ,
ಕ್ಲೆದಾನಿ

ತಾ.ಕ.: ಗಡಿ ದಾಟುವ ಲಾರಿಯವನು ಪತ್ರಕ್ಕಾಗಿ ಕಾಯುತ್ತಿದ್ದಾನೆ. ರೋಜ್‌ಲೆನ್‌ಳೆದುರು ಫೋನಿನಲ್ಲಿ ಇದನ್ನು ಹೇಳಲಾರೆ. ಅವಳು ಮನೆಗೆ ಬಂದಿದ್ದಾಳೆ, ಒತ್ತಡ ಇನ್ನೂ ಇಳಿದಿಲ್ಲ. ಮಾತ್ರೆ ತಪ್ಪಿದರೆ ಈಗಲೂ ಫಿಟ್ಸ್ ಬರಬಹುದಂತೆ. ನಾನು ಕೊಡಹೋದರೆ ಗೋಡೆ ಕಡೆ ತಿರುಗುತ್ತಾಳೆ. ಪತ್ರ ಸಿಕ್ಕಿದ ಕೂಡಲೇ ಅವಳಿಗೆ ಫೋನ್ ಮಾಡು. ಯಾರು ಕೊಟ್ಟರೆ ನುಂಗುತ್ತೀಯೆಂದು ಕೇಳು. ತನ್ನ ತಾಯಿ ಬರಲಿ ಎಂದರೆ ಕರೆಸುತ್ತೇನೆ. ನಾನು ಈ ಮನೆಯಲ್ಲಿರಬಾರದು ಎಂದರೆ, ಬಟ್ಟೆ ಕಟ್ಟಿಟ್ಟಿದ್ದೇನೆ.