ಸಾರ್ಡೀನ್ ತಂಡದ ಮೊಮ್ಮಗ

ಬುಲಾನ್,
ನವೆಂಬರ್ ೧೨, ೨೦೦೦

ಚಿರಂಜೀವಿ ಕ್ರಿಸಾಂತೋನಿಗೆ, ನಿನ್ನ ಅಜ್ಜಿ ಇಲುಮಿನಾದಾ ಮಾಡುವ ಆಶೀರ್ವಾದ.

ಕಾಗದ ತಡವಾಯಿತು. ಅಮೆರಿಕದಲ್ಲಿ ನಿನ್ನ ವಿಳಾಸ ಸಿಗುವುದೇ ಕಷ್ಟವಾಯಿತು. ಮೇಲಾಗಿ ನಿನ್ನ ಮೇಲೆ ಸಿಟ್ಟು ಬೇರೆ. ಇದನ್ನು ಮೇಷ್ಟ್ರ ಮಗಳು ಇಂಗ್ಲಿಷಿಗೆ ತಿರುಗಿಸಿ ಕಳಿಸುತ್ತಾಳೆ. "ಬೈದಿದ್ದನ್ನ ಬೈದ ಹಾಗೇ ಬರಿ ತಾಯಿ, ಸಕ್ಕರೆ ಹಾಕ್ಬೇಡ" ಎಂದಿದ್ದೇನೆ.

ನಿನ್ನ ಬ್ಯಾಸ್ಕೆಟ್‌ಬಾಲ್ ತಂಡವನ್ನು ಮಾರಿಬಿಟ್ಟರು. ಕೊಂಡವರು ಕೋಳಿ ಆಹಾರದ ಕಂಪನಿಯವರು. ಮಾಲೀಕರು ಏನು ಮಾರುತ್ತಾರೋ ಅದೇ ತಂಡದ ಹೆಸರಲ್ಲವೇ? ನಿನ್ನ ಅಜ್ಜನ ಕಾಲದಲ್ಲಿ ಅದು ಡಬ್ಬಿ ಮೀನಿನವರ ಸಾರ್ಡೀನ್ ತಂಡ. ಮೂರು ವರ್ಷ ಸಾಲಾಗಿ ಗೆದ್ದಾಗ ನಮ್ಮೂರಿನ ಮೀನುಗಾರರು ತಾವೇ ಆಡಿ ಗೆದ್ದವರಂತೆ ಕುಡಿದು ಬಿದ್ದಿದ್ದರು. ಆಮೇಲೆ ಸೋಪಾಯಿತು, ಸೋಪಿನ ಹಾಗೇ ಸವೆಯಿತು. ಗೋಡೆ ಬಣ್ಣದ ಹೆಸರು ಬರುವಷ್ಟರಲ್ಲಿ ಕಟ್ಟಕಡೆಯ ಸ್ಥಾನ. ನಿನ್ನ ಅಜ್ಜ ಮಾತ್ರ ಸಾಯುವವರೆಗೂ "ಇವತ್ತೂ ಸಾರ್ಡೀನ್ ಸೋತಿತು" ಎಂದೇ ಹೇಳುತ್ತಿದ್ದರು.

ಆಗಲೇ ತಂಡದ ಮ್ಯಾನೇಜರ್ ವಿಲ್ಯಾರುಸ್ ಅಕ್ಕಿ ಮೂಟೆ ಹೊರಿಸಿಕೊಂಡು ನಮ್ಮ ಮನೆಗೆ ಬಂದದ್ದು. "ಅಜ್ಜೀ, ಹೊರದೇಶದವನು ತಂಡಕ್ಕೆ ಒಬ್ಬನೇ ಇರಬೇಕು. ಇಲ್ಲಿಯವಳ ಮಗ ಅಂದ್ರೆ ನಮ್ಮೋನೇ ಲೆಕ್ಕ. ನಿಮ್ಮ ಮಗಳು ರೊಸೆಂದಾ ಅಮೆರಿಕದ ನಾವಿಕನಿಂದ ಬಸುರಾಗಿ ಬಂದಿದ್ಲಂತಲ್ಲ? ಆ ಮಗು ನಾವು ಅಮೆರಿಕದಿಂದ ತರ್ತಿರೋ ಆಟಗಾರನೇ ಅನ್ನಿ, ಸಾಕು."

ಅಂದೆ. ನೀನು ಬಂದೆ, ನಿನ್ನ ಎತ್ತರಕ್ಕೆ ಬಾಗಿಲಿಗೆ ತಲೆ ತಗುಲಿಸಿಕೊಂಡೆ, ತೆಂಗಿನಹಾಲಿನ ಕೆಸುವಿನ ಪಲ್ಯದ ಖಾರಕ್ಕೆ ಅತ್ತೆ. ಹಿರಿಯರ ಕೈಯನ್ನು ಹಣೆಗೆ ಒತ್ತಿಕೊಂಡು ಆಶೀರ್ವಾದ ಬೇಡುವುದನ್ನು ನಾನೇ ಕಲಿಸಿದೆ. ನೀನು ನಮ್ಮವನೆಂದು ಕಾಣಲಿ ಅಂತ ಅಂಗಿಯ ಬೆನ್ನ ಮೇಲೆ ಮನೆತನದ ಹೆಸರಿನ ಬದಲು "ಕ್ರಿಸಾಂತೋ" ಎಂದೇ ಹೊಲಿಸಿದರು. ಆ ವರ್ಷ ತಂಡ ಗೆದ್ದಿತು. ಮನಿಲಾದಲ್ಲಿ ಇಡೀ ಜನ "ಕ್ರಿಸಾಂತೋ! ಕ್ರಿಸಾಂತೋ!" ಎಂದು ಕೂಗುತ್ತಿದ್ದಾಗ ನೀನು ಬೆವರಿನಲ್ಲೇ ಬಂದು ನನ್ನ ಕೈ ಹಣೆಗೆ ಒತ್ತಿಕೊಂಡೆ.

ಸೋತವರು ನೀನು ನಮ್ಮವನಲ್ಲವೆಂದು ದೂರು ಕೊಟ್ಟ ಮೇಲೆ ಪತ್ರಿಕೆಯವರಿಗೆ ಏನೆಂದೆ? "ಆ ಮುದುಕಿ ಯಾರೋ ನಂಗೊತ್ತಿಲ್ಲ, ದುಡ್ಡಿಗೆ ಬಂದೋಳು." ಹಾಗೆಂದು ವಿಮಾನ ಹತ್ತಿದೆ. ಗೆದ್ದ ಕಪ್ ವಾಪಸು ಹೋಯಿತು, ಗೆಲುವನ್ನೂ ಅಳಿಸಿದರು. ಪಕ್ಕದ ಮನೆಯವಳು, ಆ ಪಾಸಿಂಗ್, ಮೀನು ಮಾರುಕಟ್ಟೆಯಲ್ಲಿ ಎಲ್ಲರೆದುರು, "ಏನೇ ಇಲುಮಿನಾದಾ, ನಿನ್ ಮೊಮ್ಮಗ ಹೋದ, ಅಕ್ಕಿನಾದ್ರೂ ಉಳೀತಾ?" ಎಂದಳು. ಎಲ್ಲರೂ ನಕ್ಕರು. ಅವಳ ನಾಲಿಗೆ ಸೇದಿಹೋಗಲಿ.

ವಿಚಾರಣೆಗೆ ಬಂದವರಿಗೆ ನಾನು, "ಅವನು ನನ್ನ ಮೊಮ್ಮಗನೇ" ಎಂದೆ.

"ಅಜ್ಜೀ, ಅವನೇ ಅಲ್ಲ ಅಂದಿದಾನೆ!"

"ಮೊಮ್ಮಕ್ಕಳು ಸಿಟ್ಟಲ್ಲಿ ಹಾಗೇ ಅನ್ನೋದು" ಎಂದೆ.

ಇರಲಿ. ಹೊತ್ತಿಗೆ ಸರಿಯಾಗಿ ಉಣ್ಣು. ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ಎಲ್ಲಿದ್ದರೂ ದೇವರು ನಿನ್ನನ್ನು ಕಾಯಲಿ, ನಾನು ಹಾಕಿದ ಶಾಪ ತಾಗದಿರಲಿ.

ನಿನ್ನ ಅಜ್ಜಿ,
ಇಲುಮಿನಾದಾ

ತಾ.ಕ.: ನನ್ನ ಮಾತು ಸುಳ್ಳೆಂದು ತೋರಿಸಲು ವಿಚಾರಣೆಯವರು ಹೋದ ವಾರ ರೊಸೆಂದಾಳ ಗೋರಿ ಅಗೆಸಿದರು. ಅವಳ ಎದೆಯ ಹತ್ತಿರ ಪುಟ್ಟ ಮೂಳೆಗಳಿದ್ದವು. ಸಾಕ್ಷಿಗೆ ಬೇಕೆಂದು ಅವನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿಕೊಂಡು ಮನಿಲಾಕ್ಕೆ ಒಯ್ದರು. ನನ್ನ ಕ್ರಿಸಾಂತೋ ಬದುಕಿದ್ದು ಒಂದೇ ದಿನ. ಅವನಿಗೆ ಹೆಸರಿಟ್ಟೆವು, ಕರೆಯುವಷ್ಟರಲ್ಲಿ ಹೋದ. ನಾನು ಅಕ್ಕಿಗೆ ಒಪ್ಪಲಿಲ್ಲ ಕಣಪ್ಪ, ಆ ಹೆಸರನ್ನು ಯಾರಾದರೂ ಕೂಗುವುದನ್ನು ಕೇಳಬೇಕಿತ್ತು. ಮನಿಲಾದಲ್ಲಿ ಅಷ್ಟು ಜನ ಕೂಗುವಾಗ ಕಣ್ಣು ಮುಚ್ಚಿಕೊಂಡಿದ್ದೆ. ನಿನ್ನ ಆಟವನ್ನು ನಾನು ನೋಡಲೇ ಇಲ್ಲ. ಗೋರಿಯ ಶಿಲುಬೆಯ ಮೇಲಿದ್ದ ಅವನ ಹೆಸರನ್ನು, ಸುಳ್ಳು ಬಯಲಾಗದಿರಲೆಂದು, ವಿಲ್ಯಾರುಸ್ ಅಕ್ಕಿ ತಂದ ದಿನವೇ ಕೆರೆಸಿ ಹಾಕಿದ್ದ. ಈಗ ಅದು ಇರುವುದು ನಿನ್ನ ಆ ಅಂಗಿಯ ಬೆನ್ನ ಮೇಲೆ ಮಾತ್ರ. ಎಸೆದಿಲ್ಲವಾದರೆ ಕಳಿಸಿಕೊಡು. ಗುಂಡಿ ಇನ್ನೂ ಮುಚ್ಚಿಲ್ಲ, ಅದರಲ್ಲಿ ಅವನದೆಂದು ಹೂಳಲು ನನ್ನ ಬಳಿ ಬೇರೇನೂ ಇಲ್ಲ.