ಹಳೇ ಟರ್ಬೋ ಕೊಟ್ಟಿಗೆಯಲ್ಲಿದೆ

ಸಾಸಲು

ಗ್ಯಾರೇಜ್ ಅನಿಲ್‌ಕುಮಾರನಿಗೆ,

ಕ್ಷೇಮ ಕೇಳುವುದಕ್ಕೆ ಬರೆಯುತ್ತಿಲ್ಲ. ನನ್ನ ಮಗ ಹೇಮಂತನ ಕಾರಿನಿಂದ ಇಂಜಿನ್ನಿಗೆ ಗಾಳಿ ತುಂಬುವ ಕಂಪನಿಯ ಟರ್ಬೋ, ಹೊಗೆ ಹೋಗುವ ಮ್ಯಾನಿಫೋಲ್ಡ್ ಎರಡನ್ನೂ ಬಿಚ್ಚಿ ದೊಡ್ಡವನ್ನು ಕೂರಿಸಿದವನು ನೀನು. ಇದ್ದದ್ದಕ್ಕೆ ಏನಾಗಿತ್ತಪ್ಪಾ ಅಂದಿದ್ದಕ್ಕೆ, "ಇಂಜಿನ್ ಸಲೀಸಾಗಿ ಉಸಿರಾಡ್ಬೇಕಲ್ವಾ ಯಜಮಾನ್ರೇ" ಅಂತ ನೀನು ನಕ್ಕೆ. ಆಮೇಲೆ ಅವನು ಏರ್‌ಪೋರ್ಟ್ ರಸ್ತೆಯಲ್ಲಿ ರೇಸಿಗೆ ಹೋಗಿ ಡಿವೈಡರಿಗೆ ಗುದ್ದಿ ಸತ್ತ.

ನಾವು ಬೇಡವೆಂದು ಬಿಟ್ಟ ಕಾರನ್ನು ನೀನೇ ಕೊಂಡು, ರಿಪೇರಿ ಮಾಡಿ ಓಡಿಸುತ್ತಿದ್ದೀಯ. ಓಡಿಸಿಕೋ. ಆದರೆ ನಮ್ಮೂರ ತಿರುವಿನಲ್ಲಿ ಆ ದೊಡ್ಡ ಟರ್ಬೋ ಶಿಳ್ಳೆ ಹೊಡೆದಾಗಲೆಲ್ಲ ನಮ್ಮ ಮನೆಯವಳು ಕೂತಲ್ಲಿಂದ ಎದ್ದುಬಿಡುತ್ತಾಳೆ. ಮಗ ಬರುವ ಸದ್ದು ಅವಳಿಗೆ ಅದೇ ಆಗಿತ್ತು. ಮೊನ್ನೆ ಮುದ್ದೆಗೆ ಎಸರೇ ಇಟ್ಟಳು.

"ಅವನಲ್ಲ ಕಣೇ" ಅಂದೆ.

"ಗೊತ್ತು, ಸುಮ್ನಿರಿ" ಅಂದಳು. ಒಲೆ ಮಾತ್ರ ಆರಿಸಲಿಲ್ಲ.

ನೀನು ಬಿಚ್ಚಿಕೊಟ್ಟ ಹಳೇ ಟರ್ಬೋ, ಮ್ಯಾನಿಫೋಲ್ಡ್ ನಮ್ಮ ಕೊಟ್ಟಿಗೆಯಲ್ಲಿ ಗೋಣಿಚೀಲದಲ್ಲಿವೆ. ಅದಿದ್ದಾಗ ಕಾರಿಗೆ ಈ ಶಿಳ್ಳೆ ಇರಲಿಲ್ಲ. ತಗೊಂಡು ಹೋಗಿ ಆ ಕಾರಿಗೆ ವಾಪಸ್ ಹಾಕು. ನಿನಗೆ ನಾನು ಬೇರೇನೂ ಹೇಳುವುದಿಲ್ಲ.

ಬರುವಾಗ ಬಸ್ಸಿನಲ್ಲಿ ಬಾ.

ಹೇಮಂತನ ಅಪ್ಪ,
ಅಪ್ಪಯ್ಯಣ್ಣ